ಗುಂಡಿಮಗ್ಗದ ಕತ್ತಲೆ

"ಗುರುಗಳೇ, ಹಳೆಯ ಕಂಪ್ಯೂಟರ್ ಬಿಟ್ಟು ಬೇರೆ ಬಗೆಯ ಕಂಪ್ಯೂಟರಿಗೆ ಹೋಗುತ್ತಿದ್ದೇನೆ. ನನ್ನ ವಿಡಿಯೋ ಚಿತ್ರಗಳನ್ನೆಲ್ಲ ಯಾವ ಕೋಡೆಕ್‌ಗೆ ಬದಲಿಸಿಕೊಂಡು ಹೋಗಲಿ?" ಎಂದು ಶಿಷ್ಯ ಕೇಳಿದ.

ಗುರು ಮೂವತ್ತು ವರ್ಷ ಚಿತ್ರಗಳ ಸಂಕಲನ ಮಾಡಿ, ಈಗ ಅದನ್ನೇ ಕಲಿಸುತ್ತಿದ್ದವರು. ಶಿಷ್ಯನ ಹೆಸರು ಇಂದುಧರ. ಅವನು ಒಂದು ಪಟ್ಟಿ ಬರೆದು ತಂದಿದ್ದ. ಅದರಲ್ಲಿ ಹನ್ನೊಂದು ಕೋಡೆಕ್‌ಗಳ ಹೆಸರುಗಳಿದ್ದವು, ಪ್ರತಿಯೊಂದರ ಮುಂದೆ ಗುಣದೋಷಗಳಿದ್ದವು. ಗುರು ಅದನ್ನು ಪೂರ್ತಿ ಓದಿದರು. "ಜಾತಕ ಕೂಡಿಸಿದ ಹಾಗೆ ಕೂಡಿಸಿದ್ದೀಯ" ಎಂದು ನಕ್ಕು ಪಟ್ಟಿಯನ್ನು ಹಿಂದಕ್ಕೆ ಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಸಂಕಲನಕಾರನಿದ್ದ. ನೇಕಾರರ ಊರಿನಲ್ಲಿ ಒಂದು ಕೋಣೆ ಹಿಡಿದು ಕೆಲಸ ಮಾಡುತ್ತಿದ್ದ. ಈ ಕಸುಬು ಒಂಟಿಯಾಗಿಯೇ ಆಗುವಂಥದ್ದು. ಕ್ಯಾಮೆರಾದವನಿಗೆ ಹತ್ತು ಜನ ಬೇಕು, ನಟನಿಗೆ ನೂರು ಜನ ಬೇಕು, ಸಂಕಲನಕಾರನಿಗೆ ಒಂದು ಕುರ್ಚಿ ಸಾಕು. ಅವನು ದಿನವಿಡೀ ಬೇರೆಯವರ ನಗುವನ್ನು, ಬೇರೆಯವರ ಮಾತನ್ನು ಕತ್ತರಿಸಿ ಜೋಡಿಸುತ್ತಿದ್ದ. ಹಾಲಿನವನು ಬಾಗಿಲು ಬಡಿದಾಗ ಉತ್ತರ ಕೊಡಹೋಗಿ ಗಂಟಲು ಕಟ್ಟಿಕೊಂಡರೆ, ತಾನು ಮಾತಾಡಿ ಎರಡು ದಿನವಾಯಿತು ಎಂದು ಅವನಿಗೆ ಗೊತ್ತಾಗುತ್ತಿತ್ತು.

ಎದುರು ಓಣಿಯಲ್ಲಿ ಒಬ್ಬ ಮುದುಕ ನೇಕಾರನಿದ್ದ. ಅವನದು ಗುಂಡಿಮಗ್ಗ. ನೆಲದಲ್ಲಿ ಸೊಂಟದಾಳದ ಗುಂಡಿ ಇರುತ್ತದೆ. ನೇಕಾರ ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ, ಮೇಲೆ ಕೈಯಿಂದ ಲಾಳಿ ಓಡಿಸುತ್ತಾನೆ. ಈ ಮುದುಕ ಸೀರೆಯ ದಡಿಯಲ್ಲಿ ಒಂದು ಬಾಗಿದ ಹೂ ತೆಗೆಯುತ್ತಿದ್ದ. ಆ ಊರಿನಲ್ಲಿ ಇನ್ನಾರಿಗೂ ಅದು ಬರುತ್ತಿರಲಿಲ್ಲ.

ಸಂಕಲನಕಾರ ಒಂದು ಒಳ್ಳೆಯ ಕ್ಯಾಮೆರಾ ಎರವಲು ತಂದು ಅವನ ನೇಯ್ಗೆಯನ್ನು ಚಿತ್ರಿಸತೊಡಗಿದ. ಚಿತ್ರಕ್ಕೆಂದು ಶುರುವಾದದ್ದು ಸ್ನೇಹವಾಯಿತು. ದಿನಾ ಮಧ್ಯಾಹ್ನ ಹೋಗುತ್ತಿದ್ದ. ಮುದುಕ ನೇಯುತ್ತಲೇ ಊರ ಸುದ್ದಿ ಹೇಳುತ್ತಿದ್ದ, ಇವನ ಅಡುಗೆಯನ್ನು ಆಡಿಕೊಳ್ಳುತ್ತಿದ್ದ, "ಲಗ್ನಾ ಮಾಡ್ಕೋಳೋ, ಇಲ್ಲಾಂದ್ರ ಒಂದು ನಾಯೀನರ ಸಾಕು" ಎಂದು ಬೈಯುತ್ತಿದ್ದ. ಇಡೀ ಊರಿನಲ್ಲಿ ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದವನು ಆ ಮುದುಕನೊಬ್ಬನೇ. ಒಂದು ಚಿತ್ರಕ್ಕೆ ಎರಡು ಗಂಟೆ ಸಾಕಿತ್ತು. ಅವನು ನಲವತ್ತು ಗಂಟೆ ಚಿತ್ರಿಸಿದ. ಹೋಗಲು ನೆಪ ಬೇಕಲ್ಲ.

ಎರಡು ವರ್ಷ ಕಳೆದು ನೇಕಾರ ತೀರಿಕೊಂಡ. ಆಮೇಲೆ ಸಂಕಲನಕಾರ ಊಟಕ್ಕೆ ಕೂರುವಾಗ ಕಂಪ್ಯೂಟರಿನಲ್ಲಿ ಆ ಚಿತ್ರ ಹಚ್ಚಿಕೊಳ್ಳುತ್ತಿದ್ದ. ಮುದುಕ ಅಲ್ಲಿ ಬೈಯುತ್ತಿದ್ದ, ಇವನು ಇಲ್ಲಿ ಉಣ್ಣುತ್ತಿದ್ದ. ಎದುರಿಗೆ ಒಂದು ಮುಖವಿದ್ದರೆ ಅನ್ನ ಇಳಿಯುತ್ತದೆ.

ಹೀಗಿರುವಾಗ ಅವನ ಕಂಪ್ಯೂಟರಿಗೆ ವಯಸ್ಸಾಯಿತು. ಕೆಲಸ ಕೊಡುವವರೂ ಬೇರೆ ಬಗೆಯ ಕಂಪ್ಯೂಟರಿನಲ್ಲೇ ಮಾಡಿಕೊಡು ಎಂದು ಹಟ ಹಿಡಿದರು. ಹೊಸದನ್ನು ತಂದ. ಹಳೆಯ ಫೈಲುಗಳನ್ನು ಅದರ ಮುಂದಿಟ್ಟರೆ ಅದು ತೆರೆಯಲಿಲ್ಲ. ಹಳೆಯ ಯಂತ್ರದ ಕೋಡೆಕ್ ಹಳೆಯ ಯಂತ್ರಕ್ಕೇ ಮೀಸಲಾಗಿತ್ತು. ಕೋಡೆಕ್ ಎಂದರೆ ಚಿತ್ರವನ್ನು ಗಂಟು ಕಟ್ಟುವ ಒಂದು ಕ್ರಮ, ಅಷ್ಟೆ. ಆ ಕ್ರಮ ಗೊತ್ತಿಲ್ಲದವನಿಗೆ ಗಂಟು ಬಿಚ್ಚಲು ಬಾರದು. ಹಳೆಯ ಯಂತ್ರ ಕಣ್ಣು ಮುಚ್ಚುವ ಮೊದಲು ಎಲ್ಲವನ್ನೂ ಹೊಸದಕ್ಕೆ ಬಿಚ್ಚಲು ಬರುವ ಕ್ರಮದಲ್ಲಿ ಮತ್ತೆ ಕಟ್ಟಬೇಕಿತ್ತು.

ಅವನ ಮುಂದೆ ಎರಡು ಕ್ರಮಗಳಿದ್ದವು. ಒಂದರದು ದೊಡ್ಡ ಗಂಟು. ಅದು ಏನನ್ನೂ ಬಿಡದು, ಎಷ್ಟು ಡಿಸ್ಕ್ ಕೊಟ್ಟರೂ ನುಂಗಿಬಿಡುತ್ತದೆ. ಇನ್ನೊಂದರದು ಸಣ್ಣ ಗಂಟು. ಅದು ಜಾಣ. ಮನುಷ್ಯನ ಕಣ್ಣಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಅಂದಾಜು ಮಾಡಿ, ಕಾಣದ್ದನ್ನು ಎಸೆದುಬಿಡುತ್ತದೆ.

ಸಂಕಲನಕಾರ ದಡ್ಡನಾಗಿರಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುವ ಗಾದೆ ಅವನಿಗೂ ಗೊತ್ತಿತ್ತು. ಒಂದು ತುಣುಕನ್ನು ಎರಡೂ ಕ್ರಮಗಳಲ್ಲಿ ಕಟ್ಟಿ, ಪರದೆಯ ಮೇಲೆ ಅಕ್ಕಪಕ್ಕ ಬಿಚ್ಚಿಟ್ಟು ನೋಡಿದ. ಅವನು ಆರಿಸಿದ ತುಣುಕು ಮುದುಕನ ಮುಖದ್ದು. ಬೇರೆ ಯಾವುದನ್ನು ಆರಿಸಿಯಾನು? ಅವನಿಗೆ ಬೇಕಾಗಿದ್ದದ್ದೇ ಆ ಮುಖ. ಗಡ್ಡದ ಬಿಳಿಕೂದಲನ್ನು ನೋಡಿದ, ಕಣ್ಣಿನ ಅಂಚಿನ ಗೆರೆಗಳನ್ನು ನೋಡಿದ, ಕೈಯ ಮೇಲೆದ್ದ ನರಗಳನ್ನು ನೋಡಿದ. ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ಮೂರು ದಿನ ನೋಡಿದ. ಮೂರು ದಿನವೂ ಒಬ್ಬನೇ ನೋಡಿದ. ಆಮೇಲೆ ನಲವತ್ತು ಗಂಟೆಯನ್ನೂ ಸಣ್ಣ ಗಂಟಾಗಿ ಕಟ್ಟಿಕೊಂಡು, ಹಳೆಯ ಡಿಸ್ಕುಗಳನ್ನು ಹೊಸ ಕೆಲಸಕ್ಕೆಂದು ಅಳಿಸಿಬಿಟ್ಟ. ನಮ್ಮ ಕಸುಬಿನವರಿಗೆ ಇದೊಂದು ಚಟ. ಡಿಸ್ಕ್ ಖಾಲಿಯಾದರೆ ಮನೆ ಗುಡಿಸಿ ಸಾರಿಸಿದಷ್ಟು ಸಮಾಧಾನ.

ಒಂದು ವರ್ಷವಾಯಿತು. ಮುದುಕ ಹೊಸ ಯಂತ್ರದಲ್ಲೂ ಚೆನ್ನಾಗಿಯೇ ಬೈಯುತ್ತಿದ್ದ.

ಒಂದು ಬೆಳಿಗ್ಗೆ ನೇಕಾರನ ಮಗಳು ಬಂದಳು. ಬೇರೆ ಊರಿಗೆ ಕೊಟ್ಟ ಹೆಣ್ಣುಮಗಳು, ತಾನೂ ಮಗ್ಗದಲ್ಲಿ ಕೂರುವವಳು. ಆ ಕೋಣೆಗೆ ಒಬ್ಬರು ಬಂದು ಕೂತು ಎಷ್ಟು ಕಾಲವಾಗಿತ್ತೋ. ಸಂಕಲನಕಾರ ಎರಡನೆಯ ಕುರ್ಚಿಯ ಮೇಲಿನ ವೈರಿನ ಡಬ್ಬಿಗಳನ್ನು ಇಳಿಸಿ, ಧೂಳು ಒರೆಸಿ ಕೊಟ್ಟ. ಚಹಾ ಮಾಡಿದ. ಸಕ್ಕರೆ ಎಷ್ಟು ಎಂದು ಎರಡು ಸಲ ಕೇಳಿದ. ಅವನಿಗೆ ಬಹಳ ಸಂತೋಷವಾಗಿತ್ತು.

"ಅಪ್ಪನ ಹೂ ನಾನು ನೇಯ್ಬೇಕಂತ ಮಾಡೇನ್ರಿ," ಎಂದಳು ಅವಳು. "ಹೂ ಬರ್ತದ, ಬಾಗವಲ್ದು. ಕಟಗಿ ಹಂಗ ಸೆಟದು ನಿಲ್ತದ. ಅಪ್ಪ ಯಾವುದೋ ಒಂದು ಹಲಗಿ ಪೂರಾ ತುಳೀತಿರಲಿಲ್ಲ, ಅರ್ಧಕ್ಕ ಹಿಡೀತಿದ್ದ, ಅಷ್ಟು ಅವನ ಬಾಯಿಂದ ಕೇಳೇನಿ. ಯಾವ ಹಲಗಿ, ಯಾವಾಗ, ಅದೊಂದು ಗೊತ್ತಾಗಬೇಕ್ರಿ. ಆರು ತಿಂಗಳಾತು, ಎಲ್ಲಾ ಮಾಡಿ ನೋಡೇನಿ. ಸಣ್ಣಾಕಿದ್ದಾಗ ಬರೇ ಅವನ ಕೈ ನೋಡ್ತಿದ್ದೆ. ಗುಂಡ್ಯಾಗ ಯಾರು ಇಣುಕ್ತಾರ? ನೀವು ತಗದ ಚಿತ್ರದಾಗ ಅವನ ಕಾಲು ಕಾಣ್ತಾವೇನ್ರಿ?"

ಅವನು ಚಿತ್ರ ಹಚ್ಚಿದ. ಮುದುಕ ಬಂದ. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಕ್ಕೆ ಬಾಗಿದಳು. ಮುಖ ಸ್ಪಷ್ಟವಾಗಿತ್ತು, ಕೈ ಸ್ಪಷ್ಟವಾಗಿತ್ತು, ಓಡುವ ಲಾಳಿಯೂ ಸ್ಪಷ್ಟವಾಗಿತ್ತು. ಕೆಳಗೆ ಗುಂಡಿ ಕಪ್ಪಾಗಿತ್ತು. ಅವನಿಗೆ ಗಾಬರಿಯೇನೂ ಆಗಲಿಲ್ಲ. ಒಳ್ಳೆಯ ಕ್ಯಾಮೆರಾ ಕತ್ತಲಲ್ಲಿರುವುದನ್ನೂ ಹಿಡಿದಿಟ್ಟಿರುತ್ತದೆ, ಬೆಳಕು ಏರಿಸಿದರೆ ಅದು ಮೇಲೆ ಬರುತ್ತದೆ. ಹಳೆಯ ಯಂತ್ರದಲ್ಲಿ ಒಮ್ಮೆ ಸುಮ್ಮನೆ ಏರಿಸಿ ನೋಡಿದ್ದ. ಮುದುಕನ ಕಾಲಿನ ಹತ್ತು ಬೆರಳೂ ಕಂಡಿದ್ದವು.

ಈಗಲೂ ಏರಿಸಿದ. ಕಪ್ಪು ಬೂದುಬಣ್ಣವಾಯಿತು. ಇನ್ನೂ ಏರಿಸಿದ. ಬೂದು ಚೌಕ ಚೌಕವಾಗಿ ಒಡೆಯಿತು. ಕಾಲು ಇರಲಿಲ್ಲ. ನಲವತ್ತು ಗಂಟೆಯ ಚಿತ್ರವನ್ನು ಅಲ್ಲಲ್ಲಿ ತೆರೆದು ನೋಡಿದ. ಎಲ್ಲಿ ತೆರೆದರೂ ಚೌಕಗಳೇ. ಆ ಜಾಣ ಕೋಡೆಕ್ ಗುಂಡಿಯ ಕತ್ತಲನ್ನು ಕಂಡು, ಇಲ್ಲಿ ನೋಡುವಂಥದ್ದೇನೂ ಇಲ್ಲ ಎಂದು, ಒಂದೇ ಕಪ್ಪು ಬಳಿದು ಮುಂದೆ ಹೋಗಿತ್ತು.

"ಮೊದಲಿಂದ್ಲೂ ಹಿಂಗ ಇತ್ತೇನ್ರಿ?" ಎಂದು ಮಗಳು ಕೇಳಿದಳು.

ಹೌದು ಎಂದಿದ್ದರೆ ಅವಳು ನಂಬುತ್ತಿದ್ದಳು. ಗುಂಡಿ ಕತ್ತಲಾಗಿರುವುದು ಯಾರ ತಪ್ಪೂ ಅಲ್ಲ. ಅಪ್ಪನ ಮುಖ ನೋಡುವುದಕ್ಕಾದರೂ ಅವಳು ಇನ್ನೊಮ್ಮೆ ಬರುತ್ತಿದ್ದಳೋ ಏನೋ, ಆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಳೋ ಏನೋ. ಹೌದು ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು.

"ಇಲ್ರಿ," ಎಂದ. "ಕಾಲು ಕಾಣ್ತಿತ್ತು. ನಾನೇ ಕಳೆದೀನಿ. ಅದು ಯಾರಿಗರ ಬೇಕಾಗ್ತದಂತ ನನಗ ಹೊಳೀಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಉಳಿದ ಚಹಾ ಕುಡಿದು, ಲೋಟ ತೊಳೆದಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು. ಮತ್ತೆ ಬರಲಿಲ್ಲ. ಆ ಬಾಗಿದ ಹೂವೂ ಯಾವ ಮಗ್ಗದಲ್ಲೂ ಬರಲಿಲ್ಲ.

ಅವಳು ಹೋದ ಮೇಲೆ ಅವನು ಎದುರು ಓಣಿಗೆ ಹೋದ. ಮುದುಕನ ಮನೆಯಲ್ಲಿ ಬೇರೆಯವರಿದ್ದರು. ಏನು ಬೇಕಾಗಿತ್ತು ಎಂದು ಅವರು ಮರ್ಯಾದೆಯಿಂದಲೇ ಕೇಳಿದರು. ಮಗ್ಗವಿದ್ದ ಜಾಗ ನೋಡಬೇಕಿತ್ತು ಎಂದ. ಅವರು ಕರೆದು ತೋರಿಸಿದರು. ಗುಂಡಿಗೆ ಮಣ್ಣು ತುಂಬಿ ಮೇಲೆ ಕಲ್ಲು ಹಾಸಿದ್ದರು. ಅದರ ಮೇಲೆ ಗೋದಿಯ ಡಬ್ಬಿ ಇತ್ತು. ಅವನು ನೋಡಿ, ಬರುತ್ತೇನೆ ಎಂದು ಹೇಳಿ ಬಂದ.

ಮಧ್ಯಾಹ್ನ ತಟ್ಟೆ ಹಾಕಿಕೊಂಡು ಚಿತ್ರ ಹಚ್ಚಿದ. ಮುದುಕ ಎಂದಿನಂತೆ ಬೈದ. ಆದರೆ ಇವನ ಕಣ್ಣು ಮುಖದ ಮೇಲೆ ನಿಲ್ಲದೆ ಕೆಳಗಿನ ಕಪ್ಪಿಗೆ ಇಳಿಯಿತು. ಮರುದಿನವೂ ಹಾಗೆಯೇ ಆಯಿತು. ನಾಲ್ಕನೆಯ ದಿನ ಅವನು ಚಿತ್ರ ಹಚ್ಚದೆ ಉಂಡ. ಅಲ್ಲಿಂದ ಮುಂದೆ ಹಚ್ಚಲೇ ಇಲ್ಲ. ಇದ್ದ ಒಂದು ಮುಖವೂ ಅವನ ಕೈ ತಪ್ಪಿತು.

ಗುರು ಕತೆ ಮುಗಿಸಿದರು.

ಇಂದುಧರ ತನ್ನ ಪಟ್ಟಿಯನ್ನು ಮಡಚಿಟ್ಟ. "ಹಾಗಾದರೆ ನಾನು ದೊಡ್ಡದನ್ನೇ ಹಿಡಿಯುತ್ತೇನೆ ಗುರುಗಳೇ. ಅವನ ಹಾಗೆ ಮೂರು ದಿನವಲ್ಲ, ಒಂದು ವಾರ ಕೂತು ಮುಖ, ಕೈ, ಕತ್ತಲೆ ಎಲ್ಲವನ್ನೂ ಪರೀಕ್ಷೆ ಮಾಡುತ್ತೇನೆ. ಆಮೇಲೆ ಏನೂ ಕಳೆಯುವುದಿಲ್ಲ, ಅಲ್ಲವೇ?" ಎಂದ.

"ನಿನ್ನ ಕಣ್ಣು ನಿನಗೆ ಬೇಕಾದ್ದನ್ನೇ ನೋಡುತ್ತದೆ. ಆ ಒಂದು ವಾರ ನಿನ್ನ ಪಕ್ಕದಲ್ಲಿ ಕೂತು ನೋಡುವವರು ಯಾರು?" ಎಂದರು ಗುರು.

ಇಂದುಧರ ಫೋನ್ ತೆಗೆದು ಅದರಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಸರಿಸುತ್ತ ಹೋದ. ಕೊನೆಗೆ ಮುಟ್ಟಿ, ಮತ್ತೆ ಮೊದಲಿನಿಂದ ಹುಡುಕತೊಡಗಿದ.