ಗೀಜಗಗಳ ಪುಟ್ಟ ಪಕ್ಷ

ಮಕ್ಕಳೇ, ಆಫ್ರಿಕಾದ ಹುಲ್ಲುಗಾವಲಿನಲ್ಲಿ ಒಂದು ದೊಡ್ಡ ಕೆರೆ. ಒಂದು ಕಾಲಕ್ಕೆ ಅದನ್ನು ಮೊಸಳೆಗಳು ಆಳುತ್ತಿದ್ದವು. ಅವನ್ನು ಓಡಿಸಿದ್ದು ನೀರಾನೆಗಳು. ಅಂದಿನಿಂದ ಪ್ರತಿ ಚುನಾವಣೆಯಲ್ಲೂ ನೀರಾನೆಗಳ ಪಕ್ಷಕ್ಕೇ ಗೆಲುವು.

ಗೆದ್ದೂ ಗೆದ್ದೂ ಅವಕ್ಕೆ ಸೊಕ್ಕು ಬಂತು. ದಡದ ಜೊಂಡನ್ನೆಲ್ಲ ತುಳಿದುಹಾಕಿದವು. ಗೂಡು ಹೆಣೆಯಲು ಎಳೆ ಸಿಗದೆ ರೇಗಿಹೋದ ರುಡೊ ಎಂಬ ಗೀಜಗ ಹಕ್ಕಿ ತನ್ನದೇ ಪಕ್ಷ ಕಟ್ಟಿತು.

ದಡದ ಮೇಲೆ ನಿಂತವರ ತಲೆಗಳನ್ನು ಕೊಕ್ಕರೆ ಎಣಿಸುವುದೇ ಅಲ್ಲಿನ ಮತದಾನ. ಮೊದಲ ಸಲ ರುಡೊ ಪರ ನಿಂತದ್ದು ನಾಲ್ಕು ಗೀಜಗ, ಒಂದು ಕುಂಟ ಆಮೆ. ಕೆರೆಗೆ ಕೆರೆಯೇ ನಕ್ಕಿತು.

"ನಗಲಿ ಬಿಡಿ. ಐದು ಜನ ಹೆದರದೆ ನಿಂತಿರಲ್ಲ!" ಎಂದು ರುಡೊ ಎದೆಯುಬ್ಬಿಸಿತು.

ನೀರಾನೆಗಳ ಮುಖಂಡ ಮಂಗೇನಾ ಕರೆಯಿತು: "ಏ ಗೀಜಗ, ನಿನ್ನ ಪಕ್ಷ ನನ್ನ ಕಿವಿಯೊಳಗೆ ಹಿಡಿಸುತ್ತದೆ. ನಮ್ಮ ಕಡೆ ಬಂದುಬಿಡು, ಬೆನ್ನ ಮೇಲೆ ಜಾಗ ಕೊಡುತ್ತೇನೆ."

"ಬೆನ್ನ ಮೇಲೆ ಕೂತರೆ ನೀವು ಹೋದತ್ತಲೇ ಹೋಗಬೇಕು, ಯಜಮಾನರೇ. ನನಗೆ ನನ್ನ ಕೊಂಬೆಯೇ ವಾಸಿ."

ಆದರೆ ರುಡೊನ ಗೆಳೆಯ, ತಫಾರಾ ಎಂಬ ಗೀಜಗ, ಪುರ್ರನೆ ಹಾರಿ ಆ ಬೆನ್ನೇರಿತು. ರುಡೊ ತನ್ನ ಕೊಂಬೆಗೆ ಮರಳಿತು.

ಆ ಬೇಸಗೆಯಲ್ಲಿ ಕೆರೆ ಬತ್ತತೊಡಗಿತು. "ಇನ್ನು ನೀರೆಲ್ಲ ನಮಗೇ. ಉಳಿದವರು ಕೆಸರು ಹಿಂಡಿಕೊಳ್ಳಲಿ. ಈ ಕಾನೂನಿಗೆ ನಾಳೆ ಮಧ್ಯಾಹ್ನ ಮತದಾನ," ಎಂದು ಮಂಗೇನಾ ಸಾರಿತು.

ರುಡೊ ಹಿಂಡು ಹಿಂಡಿಗೂ ಹಾರಿತು.

"ಎದುರು ನಿಂತರೆ ನಮ್ಮನ್ನು ತುಳಿದುಬಿಟ್ಟಾರು ಕಣಮ್ಮ," ಎಂದಿತು ಮುದಿ ಜೀಬ್ರಾ.

"ಅಂದು ನನ್ನ ಪರ ಐದೇ ಜನ ನಿಂತಿದ್ದರಲ್ಲಜ್ಜ! ಯಾರಾದರೂ ತುಳಿದರೇ?"

ಮರುದಿನ ಉರಿಬಿಸಿಲು. "ಯಜಮಾನರೇ, ದಡ ತುಂಬುತ್ತಿದೆ, ಏಳಿ!" ಎಂದು ತಫಾರಾ ಕೂಗಿತು.

ಮಂಗೇನಾ ಆಕಳಿಸಿತು. "ಆ ಚಿಳ್ಳೆಪಿಳ್ಳೆಗಳಿಗಾಗಿ ನಾವೆಲ್ಲ ಮೈ ಸುಟ್ಟುಕೊಳ್ಳಬೇಕೇ? ಮೂವರು ಹೋದರೆ ಸಾಕು."

ಮೂರು ನೀರಾನೆಗಳು ದಡಕ್ಕೆ ಬಂದವು. ಎದುರಿಗೆ ಜೀಬ್ರಾ, ಜಿಂಕೆ, ಮೊಲಗಳು ಒತ್ತೊತ್ತಾಗಿ ನಿಂತಿದ್ದವು. ಗಾಬರಿಯಾದ ಮಂಗೇನಾ ದಡಬಡಿಸಿ ಮೇಲೆ ಬರುವಷ್ಟರಲ್ಲಿ ಕೊಕ್ಕರೆ ಎಣಿಸಿ ಮುಗಿಸಿತ್ತು.

"ಕಾನೂನು ಬಿದ್ದುಹೋಯಿತು!" ಎಂದು ಕೊಕ್ಕರೆ ಸಾರಿತು.

ಮುಂದಿನ ಚುನಾವಣೆಗೆ ನೀರಾನೆಗಳೆಲ್ಲ ತಪ್ಪದೆ ದಡಕ್ಕೆ ಬಂದವು; ಅಲ್ಲೂ ರುಡೊ ಪಕ್ಷ ಗೆಲ್ಲಲಿಲ್ಲ. ತಫಾರಾ ತಲೆ ತಗ್ಗಿಸಿ ಕೊಂಬೆಗೆ ಬಂದು ಕೇಳಿತು: "ಇಷ್ಟು ವರ್ಷ ಪಕ್ಷ ಕಟ್ಟಿ ಏನು ಸಿಕ್ಕಿತು?"

ರುಡೊ ಪಕ್ಕಕ್ಕೆ ಸರಿದು ಜಾಗ ಕೊಟ್ಟಿತು. "ಕೆಳಗೆ ನೋಡು. ಯಾರನ್ನೂ ಕೇಳದೆ ಎಲ್ಲರೂ ನೀರು ಕುಡಿಯುತ್ತಿದ್ದಾರೆ."

ನೀತಿ: ಚಿಕ್ಕವರೆಂದು ಕಡೆಗಣಿಸಿದವರು ಸೋಲುತ್ತಾರೆ, ಚಿಕ್ಕವರಾದರೂ ಹೆದರದೆ ನಿಂತವರು ಎಲ್ಲರ ಹಕ್ಕನ್ನೂ ಉಳಿಸುತ್ತಾರೆ.