ದೀಪ ಒಪ್ಪಿದ ಡೈನಮೋ

ಹಳೆಯ ಮೋಟಾರ್ ಸೈಕಲ್ಲಿನ ದೀಪಕ್ಕೆ ಕರೆಂಟು ಕೊಡುವ ಡೈನಮೋ ಸುಟ್ಟುಹೋಗಿತ್ತು. ಸಂಜೆಯೊಳಗೆ ದೀಪ ಹೊತ್ತಿಕೊಳ್ಳದಿದ್ದರೆ ಗ್ಯಾರೇಜಿನ ಎದುರಿನ ಹೋಟೆಲಿನವನು ಗಾಡಿಯನ್ನು ತನ್ನ ಬಾಗಿಲಲ್ಲಿ ಅಲಂಕಾರಕ್ಕೆ ನಿಲ್ಲಿಸಿಕೊಳ್ಳುವುದೆಂದು ಮಾತಾಗಿತ್ತು. ಅವನು ಹೂಕುಂಡಗಳನ್ನು ಸರಿಸಿ ಜಾಗವನ್ನೂ ಮಾಡಿಟ್ಟಿದ್ದ. ಮೇಸ್ತ್ರಿ ದಸ್ತಗೀರ್ ಎರಡು ಡೈನಮೋಗಳನ್ನು ತಂದು ಗಾಡಿಯ ಮುಂದಿಟ್ಟು, "ನೀನೇ ನೋಡಿ ಹೇಳು," ಎಂದ.

ಹೊಳೆಯುವ ಹೊಸ ಡೈನಮೋ ಮೊದಲು ಮಾತಾಡಿತು: "ನಾನು ಹನ್ನೆರಡು ವೋಲ್ಟ್ ಕೊಡುತ್ತೇನೆ."

"ಅಷ್ಟು ಬಂದರೆ ನಾನು ಸುಟ್ಟುಹೋಗುತ್ತೇನೆ," ಎಂದಿತು ಬಲ್ಬು.

"ನಿನ್ನನ್ನು ಬದಲಾಯಿಸಿದರಾಯಿತು."

"ನನಗೂ ತಡೆಯುವುದಿಲ್ಲ," ಎಂದಿತು ಬ್ಯಾಟರಿ.

"ನಿನ್ನನ್ನೂ ಬದಲಾಯಿಸಲಿ. ಆ ಹಾರನ್ನನ್ನೂ."

ಮಸಿ ಹಿಡಿದ ಹಳೆಯ ಡೈನಮೋ ಬಲ್ಬಿನ ಕಡೆ ನೋಡಿ, "ನಿಮಗೆ ಎಷ್ಟು ಬೇಕು?" ಎಂದು ಕೇಳಿತು.

"ಆರು ವೋಲ್ಟ್."

"ನನ್ನಲ್ಲಿ ಇರುವುದೂ ಅಷ್ಟೇ."

ಗಾಡಿ ಮೇಸ್ತ್ರಿಗೆ ಹೇಳಿತು: "ಈ ಹಳಬನನ್ನೇ ಕೂರಿಸಪ್ಪ. ನಾನು ಕೇಳಿದ್ದು ನನಗೊಂದು ಡೈನಮೋ. ಆ ಹೊಸಬ ಬಂದರೆ ಅವನಿಗೊಂದು ಗಾಡಿ ಹುಡುಕಬೇಕಾಗುತ್ತದೆ."

ಮೇಸ್ತ್ರಿ ಹಳೆಯದನ್ನು ಕೂರಿಸಿ ಕಿಕ್ ಹೊಡೆದ. ಹೋಟೆಲಿನವನು ಬಾಗಿಲಲ್ಲೇ ಕಾಯುತ್ತಿದ್ದ. ಗಾಡಿ ಅವನ ಹೂಕುಂಡಗಳ ಮೇಲೆಲ್ಲ ಬೆಳಕು ಚೆಲ್ಲಿ, ಗುಡುಗುತ್ತ ಊರಾಚೆಯ ರಸ್ತೆ ಹಿಡಿಯಿತು.