ಖಾಲಿ ಬಂದ ಬುಟ್ಟಿ

“ಗುರುಗಳೇ, ಒಂದೇ ಒಂದು ಸಾಲನ್ನು ಬರೆಯದೆ ನನ್ನ ಹತ್ತಿರವೇ ಇಟ್ಟುಕೊಂಡರೆ ತಪ್ಪೇ?” ಎಂದು ಜಂಬಣ್ಣ ಕೇಳಿದ.

ಸ್ಕೀಮ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಹತ್ತಿರ ಏನನ್ನು ಹೇಗೆ ಕೇಳಬೇಕು, ಅದು ಏನು ಉತ್ತರ ಕೊಡುತ್ತದೆ ಎಂಬ ವಿವರಣೆ ಬರೆಯುವುದು ಅವನ ಕೆಲಸ. ಮೊದಲು ಎಲ್ಲರೂ ಅವನ ಮೇಜಿಗೇ ಬರುತ್ತಿದ್ದರು. “ಜಂಬಣ್ಣ, ಈ ಫೈಲು ಯಾಕೋ ಮುನಿಸಿಕೊಂಡಿದೆ, ಸ್ವಲ್ಪ ನೋಡಪ್ಪಾ” ಎನ್ನುತ್ತಿದ್ದರು. ಹಾಗೇ ಒಂದು ಚಹಾ ಆಗುತ್ತಿತ್ತು. ವಿವರಣೆ ತುಂಬುತ್ತ ಬಂದಂತೆ ಜನ ಕಡಿಮೆಯಾದರು. ಈಗ ಅವನ ಜೊತೆ ಮಾತಾಡುವುದು ಫ್ಯಾನು ಮಾತ್ರ, ಅದೂ ಒಂದೇ ಮಾತು. ಬರೆಯಲು ಉಳಿದದ್ದು ಒಂದು ಸಾಲು: ಸಿಸ್ಟಂಗೆ ಮಾಡಿದ ಕರೆ ನಡುವೆ ತುಂಡಾದರೆ ಅದು ನಿರಾಕರಣೆಯಲ್ಲ, ಮತ್ತೆ ಕೇಳಬೇಕು. ಅದನ್ನು ತಿಳಿಯಲಾದರೂ ಯಾರಾದರೂ ಬಂದಾರು ಎಂದು ಅವನ ಆಸೆ.

ಗುರುಗಳು ಕತೆ ಹೇಳಿದರು.

ಒಂದು ಕೋಟೆಯೊಳಗೆ ಉಗ್ರಾಣವಿತ್ತು. ಹೊರಗಿನವರಿಗೆ ಪ್ರವೇಶವಿಲ್ಲ. ಗೋಡೆಯಲ್ಲೊಂದು ಕಿಂಡಿ. ಬೇಕಾದ್ದನ್ನು ಕೂಗಿ ಹೇಳಿ ಕಿಂಡಿಯಲ್ಲಿ ಬುಟ್ಟಿ ಇಡಬೇಕು. ಇದ್ದರೆ ತುಂಬಿ ಬರುತ್ತದೆ. ಇಲ್ಲವಾದರೆ ಬೋರಲಾಗಿ ಬರುತ್ತದೆ. ಒಳಗಿನವನನ್ನು ನಡುವೆ ಯಾರೋ ಬೇರೆ ಕೆಲಸಕ್ಕೆ ಕರೆದರೆ ಬುಟ್ಟಿ ಇಟ್ಟ ಹಾಗೇ ಖಾಲಿ ಬರುತ್ತದೆ. ಮತ್ತೆ ಕೂಗಿ ಇಡಬೇಕು. ಇದನ್ನು ಬಂದವರಿಗೆ ತಿಳಿಸಲು ಒಬ್ಬ ಕಾವಲುಗಾರನಿದ್ದ. ಹೇಳಿ ಹೇಳಿ ಗಂಟಲು ಒಣಗಿ, ಎಲ್ಲವನ್ನೂ ಸುಣ್ಣದಲ್ಲಿ ಗೋಡೆಯ ಮೇಲೆ ಬರೆದ. ಜನ ಓದಿದರು, ಬುಟ್ಟಿ ಇಟ್ಟರು, ಹೋದರು. ಅವನತ್ತ ಯಾರೂ ತಿರುಗಿಯೂ ನೋಡಲಿಲ್ಲ. ಪಾರಿವಾಳಗಳಿಗೆ ಉಗ್ರಾಣದ ನಿಯಮ ವಿವರಿಸಿ ನೋಡಿದ. ಅವಕ್ಕೆ ಕಾಳು ಬೇಕಿತ್ತು, ನಿಯಮ ಬೇಕಿರಲಿಲ್ಲ.

ಒಂದು ಬೆಳಿಗ್ಗೆ ಅವನು ಒದ್ದೆ ಬಟ್ಟೆ ತಂದು ಖಾಲಿ ಬುಟ್ಟಿಯ ಸಾಲನ್ನಷ್ಟೇ ಒರೆಸಿಬಿಟ್ಟ.

“ಅಣ್ಣಾ, ಬುಟ್ಟಿ ಖಾಲಿ ಬಂತಲ್ಲ, ಏನಿದು?” ಎಂದು ಬಂದವರು ಅವನನ್ನೇ ಕೇಳತೊಡಗಿದರು.

“ಕೂತ್ಕೊಳ್ಳಿ, ಹೇಳ್ತೀನಿ. ಉಗ್ರಾಣ ಎಲ್ಲಿಗೂ ಓಡಿಹೋಗಲ್ಲ. ಮೊದಲು ನಿಮ್ಮ ಊರು ಯಾವುದು ಹೇಳಿ.”

ಕಿಂಡಿಯ ಪಕ್ಕದ ಕಟ್ಟೆ ಮತ್ತೆ ಜನರಿಂದ ತುಂಬಿತು. ಅವನ ಮುಖಕ್ಕೆ ಕಳೆ ಬಂತು.

ಒಂದು ಮಧ್ಯಾಹ್ನ ಅವನು ಕೆರೆಗೆ ಸ್ನಾನಕ್ಕೆ ಹೋದ. ತಿರುಗಿ ಬಂದಾಗ ಕಿಂಡಿಯ ಕೆಳಗೆ ಬುಟ್ಟಿ ಬಿದ್ದಿತ್ತು. ನೆರಳಲ್ಲಿ ಕೂತಿದ್ದ ಕುರಿ ಕಾಯುವವನು ಹೇಳಿದ: “ಒಬ್ಬ ಹೆಂಗಸು ಮಗುವಿನ ಜ್ವರಕ್ಕೆ ಔಷಧಿ ಅಂತ ಕೂಗಿದಳು. ಬುಟ್ಟಿ ಖಾಲಿ ಬಂತು. ಗೋಡೆಯನ್ನೆಲ್ಲ ಓದಿದಳು. ನಿನ್ನನ್ನೂ ಕೂಗಿದಳು. ಔಷಧಿ ಇಲ್ಲವೇನೋ ಅಂದುಕೊಂಡು ಹೊರಟುಹೋದಳು.”

ಕಾವಲುಗಾರ ತಾನೇ ಕೂಗಿ ಬುಟ್ಟಿ ಇಟ್ಟ. ತುಂಬಿ ಬಂತು. ಔಷಧಿಯ ಪೊಟ್ಟಣ ಹಿಡಿದು ಓಡಿದ. ದಾರಿ ಕವಲೊಡೆಯುವಲ್ಲಿ ನಿಂತ. ಬಂದವರನ್ನೆಲ್ಲ ಊರು ಕೇಳುತ್ತಿದ್ದವನಿಗೆ ಅವಳ ಊರು ಗೊತ್ತಿರಲಿಲ್ಲ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು.

“ಮಗು ಉಳಿಯಿತೇ?” ಎಂದ ಜಂಬಣ್ಣ.

“ಅದನ್ನೇ ಅವನು ಊರೂರು ಕೇಳುತ್ತ ತಿರುಗುತ್ತಿದ್ದಾನೆ” ಎಂದರು ಗುರುಗಳು.

ಜಂಬಣ್ಣ ತನ್ನ ಮೇಜಿಗೆ ಹೋಗಿ ಉಳಿದಿದ್ದ ಆ ಸಾಲನ್ನು ಬರೆದ.